ಎಂಟು ನೂಲಿನ ಇಂಚು

ಗಾಜಿನಂಗಡಿಯ ಕತ್ತರಿಸುವ ಮೇಜಿನ ಮುಂದೆ ಮೂವತ್ತು ವರ್ಷ ನಿಂತವರನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಅಳತೆಯೆಲ್ಲ ಬಾಯಲ್ಲೇ: ಇಪ್ಪತ್ತಮೂರು ಇಂಚು, ಮೇಲೆ ಮೂರು ನೂಲು. ಇಂಚಿಗೆ ಎಂಟು ನೂಲು, ಮುಗೀತು. ಆ ಲೆಕ್ಕದಲ್ಲಿ ಅವರನ್ನು ಮೀರಿಸುವುದು ಯಾರಪ್ಪನ ಕೈಲೂ ಆಗುತ್ತಿರಲಿಲ್ಲ.

ಈಗ ಅಂಗಡಿ ಮಾಲೀಕರ ಮಗನ ಕೈಗೆ ಬಂದಿತ್ತು. ಆ ದಿನ ಬೆಳಿಗ್ಗೆಯಿಂದ ಅವನು ಆಫೀಸಿನ ಹುಡುಗಿಯಿಂದ ಅಳತೆಗಳನ್ನು ಚೀಟಿಯಲ್ಲಿ ಬರೆಸತೊಡಗಿದ್ದ. ಹೋದ ತಿಂಗಳು ಎರಡು ಗಾಜು ಕೆಟ್ಟಾಗ, “ಇನ್ನೊಂದ್ಸಲ ಹಿಂಗಾದ್ರೆ ಕಟಿಂಗ್ ಬಿಟ್ಟು ಪ್ಯಾಕಿಂಗ್ ನೋಡ್ಕೊಳ್ಳಿ ಮೇಸ್ತ್ರಿ” ಅಂದಿದ್ದ.

ಆ ಮಧ್ಯಾಹ್ನ ಬಂದ ಚೀಟಿಯಲ್ಲಿ 11.9 ಎಂದಿತ್ತು.

“ಒಂಬತ್ತು ನೂಲಂತೆ! ಎಂಟಕ್ಕೇ ಇಂಚು ತುಂಬತ್ತೆ ಅನ್ನೋದೂ ಗೊತ್ತಿಲ್ವಲ್ಲ ಇವ್ರಿಗೆ” ಎಂದು ನಗಲು ಹೋದವರು ತಟ್ಟನೆ ನಿಂತರು. ಬೆಳಿಗ್ಗೆಯ ಚೀಟಿಯಲ್ಲಿ 23.5 ಇತ್ತು. ಐದು ನೂಲೆಂದು ಓದಿ ಆರು ಗಾಜು ಕತ್ತರಿಸಿ ಕೊಟ್ಟಾಗಿತ್ತು.

ಹಿಂಬಾಗಿಲಿಗೆ ಹೋಗಿ ಮನೆಗೆ ಫೋನು ಮಾಡಿದರು. ಐದನೇ ಕ್ಲಾಸಿನ ಮೊಮ್ಮಗಳು ಎತ್ತಿದಳು.

“ಪುಟ್ಟಿ, ಪಾಯಿಂಟ್ ಐದು ಅಂದ್ರೆ ಎಷ್ಟಮ್ಮ?”

“ಅರ್ಧ ತಾತ. ಒಂದನ್ನ ಹತ್ತು ಭಾಗ ಮಾಡಿ ಐದು ತಗೊಳ್ಳೋದು.”

“ಎಂಟು ಭಾಗ ಅಲ್ವೇನೇ?”

“ಅಯ್ಯೋ, ಹತ್ತು! ಅಷ್ಟೂ ಗೊತ್ತಿಲ್ವಾ ನಿಂಗೆ?”

ಅರ್ಧ ಅಂದರೆ ನಾಲ್ಕೇ ನೂಲು. ಆರೂ ಗಾಜು ಒಂದೊಂದು ನೂಲು ಹೆಚ್ಚು. ಚೌಕಟ್ಟಿನೊಳಗೆ ಒಂದೂ ಕೂರುವುದಿಲ್ಲ. ಅಷ್ಟರಲ್ಲಿ ಮುಂದುಗಡೆ ಆ ಗಾಜು ತುಂಬಿದ್ದ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.

“ನಿಲ್ಸಯ್ಯಾ! ನಿಲ್ಸು!” ಮೇಸ್ತ್ರಿ ಎದ್ದೂ ಬಿದ್ದೂ ಓಡಿದರು.

ಮಾಲೀಕರ ಮಗ ಹೊರಗೆ ಬಂದ. “ಏನಾಯ್ತು ಮೇಸ್ತ್ರಿ? ಚೀಟೀಲಿ ತಪ್ಪು ಬರೆದಿದ್ಲಾ?”

ಅವನ ಹಿಂದೆಯೇ ಬಂದ ಆಫೀಸಿನ ಹುಡುಗಿಯ ಮುಖ ಬಿಳಿಚಿಕೊಂಡಿತು. ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಮೇಸ್ತ್ರಿ ಹೂಂ ಎಂದುಬಿಟ್ಟಿದ್ದರೆ ಅವರ ಮೇಜು ಉಳಿಯುತ್ತಿತ್ತು. ಆ ಹೂಂ ನಾಲಿಗೆ ತುದಿಯವರೆಗೂ ಬಂದಿತ್ತು, ಸುಳ್ಳೇಕೆ?

“ಚೀಟಿ ಸರಿಯಾಗೇ ಇದೆ. ನಂಗೆ ಓದೋಕ್ ಬರ್ಲಿಲ್ಲ. ಆರೂ ದೊಡ್ಡದಾಗಿದೆ.”

ಮಾಲೀಕರ ಮಗ ಅವರ ಮುಖ ನೋಡದೆ, “ಹಂಗಾದ್ರೆ ನಾಳೆಯಿಂದ ಪ್ಯಾಕಿಂಗ್” ಅಂದ.

“ಆಯ್ತು. ಇವನ್ನ ಇವತ್ತೇ ತೇದು ಸರಿಮಾಡಿ ಹೋಗ್ತೀನಿ.” ಮೇಸ್ತ್ರಿ ಗಾಡಿಯ ಹಿಂಬಾಗಿಲು ತೆಗೆದರು. “ಒಂದ್ ಮಾತು. ನನ್ ಜಾಗಕ್ಕೆ ಯಾರ್ ಬರ್ತಾರೋ, ಮೊದ್ಲೇ ಹೇಳಿಬಿಡಿ: ಟೇಪಲ್ಲಿ ಇಂಚಿಗೆ ಎಂಟು, ಚೀಟೀಲಿ ಹತ್ತು ಅಂತ. ನಂಗ್ಯಾರೂ ಹೇಳ್ಲಿಲ್ಲ.”