ವಿಭೂತಿ ಹಚ್ಚಿದ ಚೀಟಿ

ಈಚೆಗೆ ಮೊಣಕಾಲು ತೋರಿಸಲು ಬಳ್ಳಾರಿಗೆ ಹೋಗಿದ್ದೆ. ಡಾಕ್ಟರು ಕಂಪ್ಯೂಟರನ್ನೇ ನೋಡುತ್ತಾ ನನ್ನನ್ನು ಮಾತಾಡಿಸಿದರು. ನನ್ನ ಹಳೆಯ ಚೀಟಿಗಳೆಲ್ಲ ಅದರಲ್ಲಿವೆಯಂತೆ. "ನೋವು ಅದರಾಗಿಲ್ರಿ, ಇಲ್ಲೈತಿ" ಎಂದು ಕಾಲು ಚಾಚಿದೆ. ಜೊತೆಗೆ ಬಂದ ಸೊಸೆ ನಾಚಿಕೊಂಡಳು. ನನಗೇನೂ ನಾಚಿಕೆಯಾಗಲಿಲ್ಲ. ಡಾಕ್ಟರಿಗೆ ಹೀಗೆ ಹೇಳುವುದು ನನಗೆ ಹೊಸದಲ್ಲ.

ಎಪ್ಪತ್ತರ ದಶಕದ ಮಾತು. ನಾವು ಕುರುಗೋಡಿನಲ್ಲಿದ್ದೆವು. ನಮ್ಮತ್ತೆಗೆ ಎದೆಯ ಕ್ಯಾನ್ಸರ್ ಆಗಿ ಹುಣ್ಣು ಒಡೆದಿತ್ತು. ವಾಸಿಯಾಗುವುದಿಲ್ಲ ಎಂದು ಬಳ್ಳಾರಿಯ ಆಸ್ಪತ್ರೆಯೊಂದರ ಹಿರಿಯ ಡಾಕ್ಟರು ಮುಚ್ಚಿಡದೆ ಹೇಳಿ, ನೋವಿಗೆ ಮಾರ್ಫಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಊರಿನ ಕಂಪೌಂಡರು ಸೂಜಿ ಚುಚ್ಚಿದ ದಿನ ಅತ್ತೆ ಉಣ್ಣುತ್ತಿದ್ದಳು, ನನ್ನ ರೊಟ್ಟಿ ದಪ್ಪವೆಂದು ಬೈಯುತ್ತಿದ್ದಳು. ಔಷಧಿ ಮುಗಿದ ದಿನ ಹೊದ್ದ ಕೌದಿಯ ಅಂಚು ಕಚ್ಚಿಕೊಂಡು ಮಲಗಿರುತ್ತಿದ್ದಳು. ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಆಗ ಆಸ್ಪತ್ರೆಯಲ್ಲಿ ಯಾರೂ ಚೀಟಿಯ ನಕಲು ಇಟ್ಟುಕೊಳ್ಳುತ್ತಿರಲಿಲ್ಲ. ರೋಗಿಯ ಕೈಯಲ್ಲಿರುವ ಚೀಟಿ ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿರಿಯ ಡಾಕ್ಟರಿಗೆ ವರ್ಗವಾಯಿತು. ಹೋಗುವ ಮುಂಚೆ ಯಾವ ಔಷಧಿ, ಎಷ್ಟು, ಎಂದಿನಿಂದ ಎಂಬುದನ್ನೆಲ್ಲ ಹೊಸ ಚೀಟಿಯಲ್ಲಿ ಬರೆದುಕೊಟ್ಟರು.

ನಮ್ಮ ಮನೆಯಲ್ಲಿ ಹೊಸದೇನು ಬಂದರೂ ದೇವರ ಜಗಲಿಗೆ ಹೋಗಬೇಕು, ವಿಭೂತಿ ಹಚ್ಚಿಸಿಕೊಳ್ಳಬೇಕು. ಬಿತ್ತುವ ಕೂರಿಗೆಗೂ ಹಚ್ಚುತ್ತಿದ್ದೆವು, ಸೈಕಲ್ಲಿಗೂ. ಅತ್ತೆ ಮಲಗಿದಲ್ಲೇ ಚೀಟಿ ತರಿಸಿಕೊಂಡು, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳು ಎಳೆದಳು. ಶಾಯಿ ಪೆನ್ನಿನ ಬರಹ. ಬೆರಳಿನ ಜೊತೆಗೆ ಅದೂ ಕದಡಿ ಅಳಿಸಿಹೋಯಿತು.

ಔಷಧಿ ತೀರಿದಾಗ ಅತ್ತೆಯನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಳ್ಳಾರಿಗೆ ಹೋದೆ. ಆಸ್ಪತ್ರೆಯ ವರಾಂಡದಲ್ಲಿ ಕಂಬಳಿ ಹಾಸಿ ಮಲಗಿಸಿ, ಚೀಟಿ ಹಿಡಿದು ಒಳಗೆ ಹೋದೆ. ಹೊಸ ಡಾಕ್ಟರು ಮೈಸೂರು ಕಡೆಯವರು, ಚಿಕ್ಕ ವಯಸ್ಸು. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಏನೂ ಕಾಣಿಸ್ತಿಲ್ವಲ್ಲಮ್ಮ. ಇದು ಅಂತಿಂಥ ಔಷಧಿಯಲ್ಲ, ಚಟ ಹಿಡಿಯುತ್ತೆ. ಬರವಣಿಗೆ ಇಲ್ಲದೆ ಕೊಡಕ್ಕಾಗಲ್ಲ. ಸದ್ಯಕ್ಕೆ ಮಾತ್ರೆ ಕೊಡ್ತೀನಿ."

"ಚಟ ಹಿಡ್ಯಾಕ ಆಯುಷ್ಯ ಬೇಕಲ್ರೀ ಸಾಹೇಬ್ರ. ಆಕಿಗಿ ಅದೆಲ್ಲೈತಿ?"

"ರೂಲ್ಸ್ ಇದೆ. ಏಳಿ, ಬೇರೆಯವರು ಕಾಯ್ತಿದ್ದಾರೆ."

ಎದ್ದೆ. ವರಾಂಡಕ್ಕೆ ಹೋಗಿ ಕಂಬಳಿಯ ತುದಿ ಹಿಡಿದು, ಅತ್ತೆಯ ಸಮೇತ ಅವರ ಕೋಣೆಯೊಳಕ್ಕೆ ಎಳೆದೆ. ಸಾಲಿನಲ್ಲಿದ್ದವರು ಗಲಾಟೆ ಮಾಡಿದರು. ಜವಾನ ಅಡ್ಡ ಬಂದ. "ಹಿಡಿದ್ರ ಈ ಕಡಿ ತುದಿ ಹಿಡಿ, ಇಲ್ಲಂದ್ರ ಅತ್ಲಾಗ ಸರಿ" ಎಂದೆ. ಸರಿದ.

"ಚೀಟಿ ಅಳಿಸೇತಿ, ಹೌದು. ಹುಣ್ಣು ಅಳಿಸಿಲ್ಲ. ಇದನ್ನ ಓದ್ರಿ" ಎಂದು ಅತ್ತೆಯ ಸೆರಗು ಸರಿಸಿದೆ.

ವಾಸನೆಗೆ ಹೊರಗಿನ ಗಲಾಟೆ ತಾನಾಗಿ ನಿಂತಿತು. ಡಾಕ್ಟರು ಕುರ್ಚಿ ಬಿಟ್ಟು ಕೆಳಗೆ ಕೂತರು. ಅತ್ತೆ ಹಲ್ಲು ಕಚ್ಚಿಕೊಂಡೇ ಕೇಳಿದಳು: "ಏನಪಾ, ಒಂದೀಟು ವಿಭೂತಿಗಿ ಅಳಿಸಿ ಹೋಗ್ತೈತಿ, ಅದೆಂಥಾ ಮಸಿ ಇಟ್ಕೊಂಡೀರಿ ನೀವು?"

ಡಾಕ್ಟರು ಇನ್ನಷ್ಟು ಬಾಗಿದರು. ಹುಣ್ಣನ್ನು ನಿಧಾನವಾಗಿ ನೋಡಿದರು, ಎಲ್ಲಿ ನೋವು, ನಿದ್ದೆ ಹೇಗೆ, ಹಿಂದಿನ ಸೂಜಿ ಎಷ್ಟು ಹೊತ್ತು ತಡೆಯುತ್ತಿತ್ತು ಎಂದು ಕೇಳಿದರು. ಬೀಗದ ಕಪಾಟು ತೆಗೆಸಿ, ಮೊದಲು ಸ್ವಲ್ಪವೇ ಚುಚ್ಚಿ, ಪಕ್ಕದಲ್ಲೇ ಕಾದರು. ಸ್ವಲ್ಪ ಹೊತ್ತಿಗೆ ಅತ್ತೆಯ ಹಲ್ಲು ಸಡಿಲವಾಯಿತು. "ಈಕಿ ಎಳ್ದಿದ್ದಕ್ಕ ನನ್ನ ಬೆನ್ನು ಮುರೀತು" ಎಂದು ನನ್ನ ಮೇಲೆ ದೂರು ಹೇಳಿದಳು.

ಹೊಸ ಚೀಟಿಯನ್ನು ಬಾಲ್‌ಪೆನ್ನಿನಲ್ಲಿ ಬರೆದುಕೊಟ್ಟರು. ಮನೆಗೆ ಬಂದವಳೇ ಅತ್ತೆ ವಿಭೂತಿ ಕೇಳಿದಳು.

"ಹಿಂದಗಡೆ ಹಚ್ರಿ ಅತ್ತಿ" ಎಂದೆ.

"ಎಂದಾರ ಬೆನ್ನಿಗಿ ವಿಭೂತಿ ಹಚ್ಯಾರೇನ ಲೇ?" ಎಂದು ಮುಂದೆಯೇ ಎಳೆದಳು. ನಾನೂ ತಡೆಯಲಿಲ್ಲ. ಅಳಿಸಿದರೆ ಅಳಿಸಲಿ, ಕಂಬಳಿ ಇತ್ತಲ್ಲ.

ಮುಂದಿನ ಸಲ ಹೋದಾಗ ಡಾಕ್ಟರು ಪಟ್ಟೆ ಬಿದ್ದ ಚೀಟಿ ಇಸಿದುಕೊಂಡು ಮೇಜಿನ ಮೇಲಿಟ್ಟರು. ಓದುವ ಮುಂಚೆ ಎದ್ದು ಅತ್ತೆ ಮಲಗಿದ್ದ ವರಾಂಡಕ್ಕೆ ನಡೆದರು.