ಮೊರ ಹೊತ್ತು ಕೆಂಚಾರ್ಲಹಳ್ಳಿಗೆ

ಗೌರಿ ಹಬ್ಬಕ್ಕೆ ಇನ್ನೂ ಮೂರು ದಿನ ಇರುವಾಗಲೇ ನಾನು ಗೌರಿಬಿದನೂರಿನಿಂದ ಹೊರಟೆ. ಹೆಗಲಿಗೆ ಬಟ್ಟೆಯ ಚೀಲ, ತಲೆಯ ಮೇಲೆ ಬಾಗಿನದ ಮೊರ. ಒಂದು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಇಟ್ಟು, ಇನ್ನೊಂದನ್ನು ಮೇಲೆ ಕವುಚಿ, ನನ್ನ ಹೆಂಡತಿ ದಾರದಿಂದ ಬಿಗಿದು ಕಟ್ಟಿದ್ದಳು. ಊದುಬತ್ತಿಯ ಕಟ್ಟನ್ನೂ ಮರುಗದ ದಂಡೆಯನ್ನೂ ಮೇಲೆ ಸಿಕ್ಕಿಸಿದ್ದಳು. "ಈ ಸಲ ಯಾರ ಕೈಗೂ ಕೊಡ್ಬೇಡಿ. ನೀವೇ ಹೋಗಿ, ನೀವೇ ಕೊಡಿ" ಎಂದು ಬಾಗಿಲಲ್ಲಿ ನಿಂತು ಹೇಳಿದಳು.

ಹಾಗೆ ಹೇಳಲು ಕಾರಣವಿತ್ತು. ನನ್ನ ಅಕ್ಕ ವೆಂಕಟಮ್ಮನನ್ನು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಗೆ ಕೊಟ್ಟಿದೆ. ಅಮ್ಮ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾನು ನಾಲ್ಕನೇ ಕ್ಲಾಸಿನವರೆಗಾದರೂ ಓದಿದೆ. ಅವಳು ನನ್ನನ್ನು ಶಾಲೆಯ ಬಾಗಿಲಿಗೆ ತಂದು ಬಿಟ್ಟಳೇ ಹೊರತು ಒಳಗೆ ಕೂತವಳಲ್ಲ.

ಎರಡು ವರ್ಷದ ಕೆಳಗೆ, ಹಬ್ಬದ ಹೊತ್ತಿಗೇ, ಬಾವ ಪಿಳ್ಳಪ್ಪನವರು ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡರು. ಮನೆಯಲ್ಲಿ ರೇಷ್ಮೆ ಹುಳ ಎದ್ದಿದ್ದವು. "ಬಾಗಿನ ತರೋನು ನಾಲ್ಕು ದಿನ ಮುಂಚೇನೇ ಬಾ, ಸೊಪ್ಪು ಕೊಯ್ಯೋರಿಲ್ಲ" ಎಂದು ಅಕ್ಕ ಹೇಳಿಕಳಿಸಿದಳು. ನಾನು ಕೆಲಸ ಮಾಡುವ ಬೆಲ್ಲದ ಮಂಡಿಯಲ್ಲಿ ರಜ ಕೊಡಲಿಲ್ಲ ಎಂದು ಹೇಳಿಕಳಿಸಿದೆ. ಅದು ಸುಳ್ಳು. ಸಾಹುಕಾರರು ರಜ ಕೊಟ್ಟಿದ್ದರು. ಆ ವಾರ ನಮ್ಮೂರಿನಲ್ಲಿ ನಾಟಕದ ಕಂಪನಿ ಡೇರೆ ಹಾಕಿತ್ತು. ಮೊರವನ್ನು ಚಿಂತಾಮಣಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ನಾನು ಡೇರೆಯ ಮುಂದಿನ ಸಾಲಿನಲ್ಲಿ ಕೂತೆ. ಹುಳ ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಕಡೆಯ ಜ್ವರ ಬಿಟ್ಟು ಎದ್ದ ಹುಳಕ್ಕೆ ಹಗಲೂ ರಾತ್ರಿ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಬೀಳಲಿಲ್ಲ. ಅಕ್ಕ ತಟ್ಟೆ ತಟ್ಟೆ ಹುಳವನ್ನು ತಿಪ್ಪೆಗೆ ಸುರಿದಳಂತೆ. ಮರುವರ್ಷ ನಾನು ಕಳಿಸಿದ ಮೊರ ಕಟ್ಟು ಬಿಚ್ಚದೆ ಅದೇ ಬಸ್ಸಿನಲ್ಲಿ ವಾಪಸ್ಸು ಬಂತು. ಜೊತೆಗೆ ಒಂದು ಮಾತು: "ತವರಿನ ಮೊರ ಬಸ್ಸು ತರೋದಲ್ಲ."

ಈ ಸಲ ಬಸ್ಸು ಹತ್ತಿದರೆ ಅದೇ ಕಂಡಕ್ಟರ್. "ಕೊಡಿ ನಾರಾಯಣಪ್ಪ, ನಾನು ತಲುಪಿಸ್ತೀನಿ. ನಿಮಗ್ಯಾಕೆ ಕಷ್ಟ?" ಎಂದ. ಬೇಡವೆಂದೆ. "ಹಂಗಾದ್ರೆ ಮೊರಕ್ಕೂ ಟಿಕೀಟು!" ಎಂದು ನಕ್ಕ. ನಯಾಪೈಸೆ ಬಂದು ಹೆಚ್ಚು ದಿನವಾಗಿರಲಿಲ್ಲ. ಚಿಲ್ಲರೆಗಾಗಿ ಬಸ್ಸಿನಲ್ಲೆಲ್ಲ ಆಣೆ ಪೈಸೆಯ ಜಗಳ. ಮಂಚೇನಹಳ್ಳಿ ದಾಟಿದ ಮೇಲೆ ಮಳೆ ಹಿಡಿಯಿತು. ಮೊರದ ಮೇಲೆ ನನ್ನ ಟವೆಲು ಹೊದಿಸಿ ತೊಡೆಯ ಮೇಲಿಟ್ಟುಕೊಂಡೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಕೆಟ್ಟು ನಿಂತಿತು. ಸಂಜೆಗೆ ಬೇರೆ ಬಸ್ಸು ಬರುತ್ತದೆ ಎಂದರು. ನಾನು ಕಾಯಲಿಲ್ಲ. ಒಂದು ಲೋಟ ಕಾಫಿ ಕುಡಿದು, ಮೊರ ಎತ್ತಿಕೊಂಡು ಸ್ಟೇಷನ್ನಿಗೆ ನಡೆದೆ.

ಕೋಲಾರದ ಕಡೆಗೆ ಹೋಗುವುದು ಚಿಕ್ಕ ರೈಲು. ಏರಿನಲ್ಲಿ ಜನ ಇಳಿದು ಅದರ ಪಕ್ಕದಲ್ಲೇ ನಡೆಯಬಹುದು. ನಂದಿ ಬೆಟ್ಟದ ತಲೆ ಮೋಡದಲ್ಲಿ ಮುಳುಗಿತ್ತು. ಎದುರಿಗೆ ಕೂತ ಅಜ್ಜಿ, ಕೈವಾರಕ್ಕೆ ಹೊರಟವಳು, ಮೊರ ನೋಡಿ ತೆಲುಗಿನಲ್ಲಿ ಕೇಳಿದಳು: "ಅಕ್ಕಕಾ, ಚೆಲ್ಲೆಲಿಕಾ ನಾಯನಾ?" ಅಕ್ಕನಿಗೆ, ತಂಗಿಗಲ್ಲ ಎಂದೆ.

"ಕೆಳಗಿಡಪ್ಪ, ಕೈ ನೋಯಲ್ವಾ?"

"ನೋಯ್ಲಿ ಅಜ್ಜಿ."

"ಓಹೋ, ಏನೋ ತಪ್ಪು ಮಾಡ್ಕೊಂಡಿದೀಯ!" ಎಂದು ಅಜ್ಜಿ ಬೊಚ್ಚುಬಾಯಲ್ಲಿ ನಕ್ಕಳು. ಡಬ್ಬಿಯವರೆಲ್ಲ ನಕ್ಕರು. ನಾನೂ ನಕ್ಕೆನಾದರೂ ಕಿವಿ ಬಿಸಿಯಾಯಿತು. ಶಿಡ್ಲಘಟ್ಟ ಬಂದಾಗ ರೇಷ್ಮೆ ಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ತಿಪ್ಪೆಗೆ ಸುರಿದ ಆ ತಟ್ಟೆಗಳು ಕಣ್ಣಿಗೆ ಕಟ್ಟಿದವು. ಮೊರ ಕೊಡುವುದಕ್ಕಿಂತ ಮೊದಲು ನಾಟಕದ ವಿಷಯ ನನ್ನ ಬಾಯಿಂದಲೇ ಹೇಳಿಬಿಡಬೇಕೆಂದು ಅಲ್ಲೇ ಗಟ್ಟಿಮಾಡಿಕೊಂಡೆ.

ಚಿಂತಾಮಣಿಯಲ್ಲಿ ಕಡಲೆಪುರಿ ಕಟ್ಟಿಸಿಕೊಂಡೆ. ಅಲ್ಲಿಂದ ಕೆಂಚಾರ್ಲಹಳ್ಳಿಗೆ ಹತ್ತು ಹನ್ನೆರಡು ಮೈಲಿ. ಬಸ್ಸಿನಲ್ಲಿ ಜಾಗವಿಲ್ಲದೆ ನಿಂತೇ ಹೋದೆ.

ಅಂಗಳದಲ್ಲಿ ಬಾವ ಕೋಲೂರಿಕೊಂಡು ಸೊಪ್ಪಿನ ಹೊರೆ ಬಿಚ್ಚುತ್ತಿದ್ದರು. "ಲೇ ವೆಂಕಟಮ್ಮ, ಈ ಸಲ ಮೊರಕ್ಕೆ ಕಾಲು ಬಂದಿದೆ ನೋಡು!" ಎಂದು ಕೂಗಿದರು. ಅಕ್ಕ ಹೊರಗೆ ಬಂದಳು. ತಲೆಗೆ ಬಟ್ಟೆ, ಎರಡು ಕೈಯಲ್ಲೂ ಸೊಪ್ಪು. ನಾನು ಹೊಸ್ತಿಲಿಗೆ ಕಾಲಿಟ್ಟೆ.

"ನಿಂತ್ಕೊಳ್ಳೋ ಅಲ್ಲೇ!"

ನಿಂತೆ. ಇಷ್ಟು ದೂರ ಹೊತ್ತದ್ದು ಇಷ್ಟಕ್ಕೇ ಏನೋ ಎಂದುಕೊಂಡೆ.

"ಊದುಬತ್ತಿ, ಮರುಗ! ಹುಳ ಜ್ವರ ಬಿಟ್ಟು ಎದ್ದು ನಾಲ್ಕು ದಿನ ಆಯ್ತು, ನೀನು ಘಮಘಮ ಅಂತ ಒಳಕ್ಕೆ ಬರ್ತೀಯಾ? ರೇಷ್ಮೆ ಊರಿಗೆ ಅಕ್ಕನ್ನ ಕೊಟ್ಟು ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವೇನೋ?"

ವಾಸನೆ ತಾಗಿದರೆ ಹುಳ ಸೊಪ್ಪು ಮುಟ್ಟುವುದಿಲ್ಲವಂತೆ. ಮೊರವನ್ನು ದನದ ಕೊಟ್ಟಿಗೆಯ ತೊಲೆಗೆ ನೇತುಹಾಕಿದೆ. ಬಾವಿಯ ಹತ್ತಿರ ಸ್ನಾನ ಮಾಡಿ, ಬಾವನ ಪಂಚೆ ಉಟ್ಟು, ನಸ್ಯದ ಡಬ್ಬಿಯನ್ನೂ ಹೊರಗೇ ಬಿಟ್ಟೆ. ಮೊರವನ್ನು ಈಗ ತೆಗೆದುಕೊಳ್ಳುತ್ತೀಯಾ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕುಡುಗೋಲು ಕೇಳಿದೆ. ಕೊಟ್ಟಳು.

ಮಾರನೆಯ ಬೆಳಿಗ್ಗೆ ತೋಟದಲ್ಲಿ ಇಬ್ಬರೂ ಅಕ್ಕಪಕ್ಕದ ಸಾಲಿನಲ್ಲಿ ಸೊಪ್ಪು ಕೊಯ್ಯುತ್ತಿದ್ದೆವು. "ಅಕ್ಕ, ಆವತ್ತು ಸಾಹುಕಾರ್ರು ರಜ ಕೊಟ್ಟಿದ್ರು" ಎಂದೆ. ಅವಳ ಕುಡುಗೋಲು ನಿಲ್ಲಲಿಲ್ಲ. "ನಾನು ನಾಟಕಕ್ಕೆ ಹೋಗಿದ್ದೆ" ಎಂದೆ.

"ಭೀಮನ ಪಾರ್ಟು ಚೆನ್ನಾಗಿತ್ತೇನೋ?"

"ನಿಂಗೆ ಹೆಂಗೆ ಗೊತ್ತಾಯ್ತು ಅಕ್ಕ?" ಎಂದೆ.

"ಕಂಡಕ್ಟರು ಆವತ್ತೇ ಹೇಳ್ದ ಕಣೋ. ಅಲ್ಲಿ ಭೀಮ ಗದೆ ಎತ್ತುತಿದ್ದ, ಇಲ್ಲಿ ನಾನು ಸೊಪ್ಪಿನ ಹೊರೆ ಎತ್ತುತಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹುಳ ಹೋದದ್ದು ಹೋಯ್ತು. ಅವು ಬೆಳಿಗ್ಗೆ ಹೊತ್ತಿಗೆ ತಲೆ ಎತ್ತಿ ಸೊಪ್ಪು ಹುಡುಕ್ತಿದ್ವು ನೋಡು, ಅದು ಮರೆಯಕ್ಕಾಗಲ್ಲ." ಇಷ್ಟು ಹೇಳಿ ಮುಂದಿನ ಗಿಡಕ್ಕೆ ಹೋದಳು. ನಾನು ಕ್ಷಮೆ ಕೇಳುವ ಮಾತು ಹುಡುಕುತ್ತಿದ್ದೆ. "ಎಳೇದು ಬೇಡ ಕಣೋ, ಬಲಿತದ್ದು ಕೊಯ್ಯಿ" ಎಂದಳು. ಕೊಯ್ದೆ. ಹಬ್ಬದ ಹಿಂದಿನ ರಾತ್ರಿಯವರೆಗೂ ಕೊಯ್ದೆ, ಹೊತ್ತೆ, ತಟ್ಟೆಗೆ ಹರಡಿದೆ. ಅಂಗೈಯಲ್ಲಿ ಬೊಬ್ಬೆ ಬಂತು. ಮಾತು ಬೇಕಾಗಲಿಲ್ಲ.

ಹಬ್ಬದ ದಿನ ಹುಳ ಹಣ್ಣಾದವು. ಕಡೆಯ ಹುಳವನ್ನೂ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಅಕ್ಕ ತಲೆಗೆ ನೀರು ಹಾಕಿಕೊಂಡು, ಗೌರಿ ಪೂಜೆ ಮುಗಿಸಿ, ಕೊಟ್ಟಿಗೆಗೆ ಬಂದು ನಿಂತಳು. "ಈಗ ಇಳ್ಸು" ಎಂದಳು. ಸೆರಗಿನ ತುದಿಯಲ್ಲಿ ಅಂಚು ಹಿಡಿದು ನನ್ನ ಕೈಯಿಂದ ಮೊರ ತೆಗೆದುಕೊಂಡಳು. ಮರುಗ ಒಣಗಿ ಉದುರಿತು.

ಮರುದಿನ ಬೆಳಿಗ್ಗೆ ಹೊರಟೆ. "ಮುಂದಿನ ಬೆಳೆಗೆ ಹುಳ ಜ್ವರ ಬಿಟ್ಟಾಗ ಹೇಳಿಕಳಿಸ್ತೀನಿ" ಎಂದಳು. "ಬರ್ತೀನಿ ಅಕ್ಕ" ಎಂದೆ. "ನಾಟಕ ಇದ್ರೆ?" ಎಂದು ಬಾವ ಒಳಗಿನಿಂದ ಕೂಗಿದರು.

ಬಸ್ಸು ತಿರುವಿನಲ್ಲಿ ನಿಧಾನವಾದಾಗ ಹಿಂತಿರುಗಿ ನೋಡಿದೆ. ಅವಳು ದಾರಿಯ ಕಡೆ ನೋಡುತ್ತಿರಲಿಲ್ಲ. ಅಂಗಳದಲ್ಲಿ ಕೂತು, ನಾನು ತಂದ ಹೊಸ ಮೊರದಲ್ಲಿ ರಾಗಿ ಕೇರುತ್ತಿದ್ದಳು.