ಐದನೇ ಭಾಗದಲ್ಲಿ ಹಾರಿಸಿದ ಮೂವತ್ತು ಪುಟ

ಹಾರುವ ಸರ್ಪಗಳ ನಾಡಿನ ಹುಡುಗಿಯೊಬ್ಬಳ ಕಥೆ ಆಗ ಭಾಗಕ್ಕೊಂದು ಪುಸ್ತಕವಾಗಿ ಬರುತ್ತಿತ್ತು. ಎರಡು ಸಾವಿರದ ಇಸವಿಯ ನಂತರದ ವರ್ಷಗಳು. ಕಾಲೇಜಿಗೆ ರಜೆ ಬಂದಾಗ ರಾಮನಗರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕೂತು, ಅಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುತ್ತಿದ್ದ ಹೆಂಗಸಿಗೆ ಅದನ್ನು ಓದಿ ಹೇಳುತ್ತಿದ್ದೆ. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಐದನೇ ಭಾಗ ಕೈಗೆ ಬರುವ ಹೊತ್ತಿಗೆ ಅವಳಿಗೆ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಹೋಗಬೇಕು. ನಮಗೆ ಉಳಿದದ್ದು ಆರೇ ದಿನ.

ಪುಸ್ತಕವೋ, ದಿಂಬಿನಷ್ಟು ದಪ್ಪ. ಬರೆದವರಿಗೆ ರಾಜರ ಮೇಲೆ ಅದೇನು ಮೋಹವೋ! ಪುಟಕ್ಕೊಬ್ಬ ರಾಜ, ಅವನ ತಾತ, ಮುತ್ತಾತ. ಹುಡುಗಿ ಕಷ್ಟಕ್ಕೆ ಸಿಕ್ಕಾಗಲೆಲ್ಲ ಎಲ್ಲಿಂದಲೋ ಒಂದು ಮಂತ್ರ ಬಂದು ಕಾಪಾಡಿಬಿಡುತ್ತಿತ್ತು. ನನಗೆ ರೇಗಿಹೋಯಿತು. ನಾಲ್ಕನೇ ದಿನ ಅಕ್ಕನಿಗೆ ಹೇಳದೆ ಮೂವತ್ತು ಪುಟ ಹಾರಿಸಿದೆ. ಅಲ್ಲಿ ಅರಮನೆಯ ಮುದುಕ ಆಳು ಸತ್ತಿದ್ದ, ಹುಡುಗಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು.

ಅಕ್ಕ ಬಿಸಿನೀರಿನ ಬೇಸಿನ್ನಿನಿಂದ ಕಣ್ಣೆತ್ತಲಿಲ್ಲ. ಏಳೆಂಟು ಗೂಡುಗಳ ಎಳೆಗಳು ಒಂದೇ ನೂಲಾಗಿ ಅವಳ ಬೆರಳ ಸಂದಿಯಲ್ಲಿ ಹರಿಯುತ್ತಿದ್ದವು. ಒಂದು ಗೂಡು ತೀರಿದರೂ ನೂಲು ತೆಳ್ಳಗಾಗುತ್ತದೆ. ಅದು ಅವಳ ಬೆರಳಿಗೇ ತಿಳಿದು, ತಕ್ಷಣ ಹೊಸ ಗೂಡಿನ ಎಳೆ ಸೇರಿಸುತ್ತಿದ್ದಳು.

"ಇಲ್ಲಿ ಎಳೆ ಸಣ್ಣಗಾಗೈತೆ ಕಣವ್ವ," ಅಂದಳು. "ಆ ಮುದ್ಕುನ್ನ ಇವ್ಳು ಯಾವಾಗ ಇಷ್ಟು ಹಚ್ಕೊಂಡ್ಳು? ಮಧ್ಯ ಏನೋ ಬುಟ್ಬುಟ್ಟಿದ್ದೀಯ."

ನಾನು ದಂಗಾದೆ. "ಟೈಮಿಲ್ವಲ್ಲಕ್ಕ, ಅಲ್ಲಿರೋದು ಬರೀ ರಾಜರ ಕಥೆ."

"ಇದ್ರೆ ಇರ್ಲಿ, ಓದು."

ಓದಿದೆ. ರಾಜರು ಇದ್ದೇ ಇದ್ದರು. ಆದರೆ ಅವರ ನಡುವೆ ಆ ಮುದುಕ, ಕುರುಡಾಗುತ್ತಿದ್ದ ಒಂದು ಹಾರುವ ಸರ್ಪದ ಕಣ್ಣನ್ನು ದಿನಾ ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಿದ್ದ, ಹುಡುಗಿ ಚೊಂಬು ಹಿಡಿದು ನಿಲ್ಲುತ್ತಿದ್ದಳು. ಮಂತ್ರವಿಲ್ಲ, ಯುದ್ಧವಿಲ್ಲ, ವರ್ಷಗಟ್ಟಲೆ ಅಷ್ಟೇ. ಐದು ಭಾಗಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ಅಕ್ಕನ ಕೈ ನಿಂತು, ನೂಲು ತುಂಡಾಯಿತು.

"ಎಂಥಾ ಮನ್ಸ ಬರ್ದವ್ನೆ," ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆ ರಾಜ್ರು ಮಾತ್ರ ಒಸಿ ಕಮ್ಮಿ ಇರ್ಬೋದಾಗಿತ್ತು."

ಪುಸ್ತಕದ ಹುಳು ಎಂದು ಮೆರೆಯುತ್ತಿದ್ದ ನನಗೆ ಕಾಣದ್ದು ಅವಳಿಗೆ ಕಂಡಿತ್ತು. ಅವತ್ತಿನಿಂದ ನನಗೆ ಅವಳೆಂದರೆ ಒಂಥರಾ ಭಯಭಕ್ತಿ.

ಶನಿವಾರಕ್ಕೆ ಪುಸ್ತಕ ಮುಗಿಯಲಿಲ್ಲ. ಫ್ಯಾಕ್ಟರಿಯ ಮೊದಲ ವಾರ ಕಳೆದು ಭಾನುವಾರ ಅಕ್ಕ ಮನೆಗೇ ಬಂದಳು. ಗೋಡೆಗೆ ಒರಗಿ, "ಓದು" ಅಂದಳು. ವಾರವಿಡೀ ನಿಂತು ಕೆಲಸ ಮಾಡಿದ್ದವಳು ಎರಡೇ ಪುಟಕ್ಕೆ ನಿದ್ದೆಹೋದಳು. ನನಗೆ ತಡೆಯಲಾಗಲಿಲ್ಲ, ಮನಸ್ಸಿನಲ್ಲೇ ಕೊನೆಯವರೆಗೂ ಓದಿಕೊಂಡೆ. ಮತ್ತೊಂದು ಮಂತ್ರ, ಅವಸರದ ಗೆಲುವು. ಮುಕ್ತಾಯ ಪೇಲವವಾಗಿತ್ತು.

ಅಕ್ಕ ಬೆಚ್ಚಿ ಎದ್ದಳು. "ಮುಗ್ದೋಯ್ತಾ?"

"ಇಲ್ಲಕ್ಕ," ಎಂದು ಅವಳಿಗೆ ನಿದ್ದೆ ಬಂದ ಪುಟಕ್ಕೆ ತಿರುಗಿಸಿ, ಗಟ್ಟಿಯಾಗಿ ಓದತೊಡಗಿದೆ.